ಗೂಢಲಿಪಿಯ ಪೇಟೆಂಟ್ ಪ್ರಶ್ನೆ ಆಯ್ಕೆಗೆ ಮೊದಲೇ ಇತ್ಯರ್ಥವಾಗಲಿ

ಮಾನ್ಯ ಸಂಪಾದಕರೆ,

ಕ್ವಾಂಟಮ್ ಕಂಪ್ಯೂಟರುಗಳು ಪ್ರಬಲವಾದರೆ ಈಗಿನ ಎನ್‌ಕ್ರಿಪ್ಷನ್ (ಗೂಢಲಿಪಿ) ವಿಧಾನಗಳಲ್ಲಿ ಹಲವು ನಿಷ್ಪ್ರಯೋಜಕವಾಗುತ್ತವೆ, ಆದ್ದರಿಂದ ಹೊಸ ವಿಧಾನಗಳಿಗೆ ಈಗಿನಿಂದಲೇ ಸಿದ್ಧರಾಗಬೇಕು ಎನ್ನುವ ಬರಹಗಳು ಈಚೆಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಪ್ರಕಟವಾಗುತ್ತಿವೆ. ಗಣಿತದ ಗಟ್ಟಿತನ, ವೇಗ, ಕೀಲಿಯ ಗಾತ್ರ ಇವೆಲ್ಲವೂ ಅವುಗಳಲ್ಲಿ ಚರ್ಚೆಗೆ ಬರುತ್ತವೆ. ಆದರೆ ಆ ಹೊಸ ಅಲ್ಗಾರಿದಮ್ (ಲೆಕ್ಕದ ಹಂತಹಂತದ ವಿಧಾನ) ಮೇಲೆ ಯಾರ ಪೇಟೆಂಟ್ ಇದೆ, ಅದನ್ನು ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಅಳವಡಿಸಿ ಹಂಚಲು ಯಾರ ಅನುಮತಿ ಬೇಕು ಎಂಬ ಪ್ರಶ್ನೆ ಮಾತ್ರ ಎಲ್ಲಿಯೂ ಸುಳಿಯುವುದಿಲ್ಲ. ಬ್ರೌಸರು, ಮೊಬೈಲು, ಸರ್ವರುಗಳಲ್ಲಿ ಇಂದು ಓಡುತ್ತಿರುವ ಎನ್‌ಕ್ರಿಪ್ಷನ್ ಕೋಡಿನಲ್ಲಿ ದೊಡ್ಡ ಪಾಲು ಓಪನ್ ಸೋರ್ಸ್ ಆಗಿರುವುದರಿಂದ ಈ ಪ್ರಶ್ನೆಯನ್ನು ವಕೀಲರಿಗೆ ಬಿಟ್ಟು ಸುಮ್ಮನಿರಲು ಬರುವುದಿಲ್ಲ. ಪೇಟೆಂಟ್ ವಿಚಾರವನ್ನು ಅಲ್ಗಾರಿದಮ್ ಆಯ್ಕೆಯಾಗುವ ಮೊದಲೇ ಲಿಖಿತವಾಗಿ ಇತ್ಯರ್ಥಪಡಿಸದಿದ್ದರೆ ಅದರ ಬೆಲೆಯನ್ನು ದಶಕಗಳ ಕಾಲ ಎಲ್ಲರೂ ತೆರಬೇಕಾಗುತ್ತದೆ ಎಂಬುದು ನನ್ನ ವಾದ. ಈ ಕ್ಷೇತ್ರದ ಇತಿಹಾಸದಲ್ಲಿ ಅದಕ್ಕೆ ಸಾಕಷ್ಟು ಆಧಾರವಿದೆ.

ಮೊದಲಿಗೆ ವ್ಯಾಪಕವಾಗಿರುವ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಬೇಕು. ಕೋಡನ್ನು ತಾನೇ ಬರೆದಿದ್ದೇನೆ, ಯಾರದನ್ನೂ ನಕಲು ಮಾಡಿಲ್ಲ, ಮೇಲಾಗಿ ಅದನ್ನು ಮುಕ್ತ ಪರವಾನಗಿಯಡಿ ಪುಕ್ಕಟೆಯಾಗಿ ಹಂಚುತ್ತಿದ್ದೇನೆ, ಹೀಗಿರುವಾಗ ತನಗೇನು ಭಯ ಎಂದು ಅನೇಕ ಪ್ರೋಗ್ರಾಮರುಗಳು ಭಾವಿಸುತ್ತಾರೆ. ಕಾಪಿರೈಟಿನ ಮಟ್ಟಿಗೆ ಈ ಮಾತು ಸರಿ. ಆದರೆ ಕಾಪಿರೈಟ್ ರಕ್ಷಿಸುವುದು ಬರೆದ ಸಾಲುಗಳನ್ನು. ಪೇಟೆಂಟ್ ರಕ್ಷಿಸುವುದು ಆ ಸಾಲುಗಳು ನಡೆಸುವ ಕೆಲಸದ ವಿಧಾನವನ್ನು. ಪೇಟೆಂಟ್ ಇರುವ ವಿಧಾನವನ್ನು ಒಬ್ಬರು ಯಾರ ಸಹಾಯವೂ ಇಲ್ಲದೆ, ಆ ಪೇಟೆಂಟಿನ ಹೆಸರನ್ನೇ ಕೇಳದೆ, ಸ್ವಂತ ಬುದ್ಧಿಯಿಂದ ಮತ್ತೆ ಕಂಡುಕೊಂಡರೂ ಕಾನೂನಿನ ಕಣ್ಣಿನಲ್ಲಿ ಅದು ಉಲ್ಲಂಘನೆಯೇ. ಹಣ ಪಡೆಯದೆ ಹಂಚಿದೆ ಎಂಬುದೂ ಸಾಮಾನ್ಯವಾಗಿ ರಕ್ಷಣೆಯಾಗುವುದಿಲ್ಲ.

ಮುಕ್ತ ಪರವಾನಗಿಗಳೂ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆಗಿರುತ್ತವೆ. ಎಮ್‌ಐಟಿ ಮತ್ತು ಬಿಎಸ್‌ಡಿ ಪರವಾನಗಿಗಳು ಪೇಟೆಂಟಿನ ಹೆಸರನ್ನೇ ಎತ್ತುವುದಿಲ್ಲ. 2004ರಲ್ಲಿ ಬಂದ ಅಪಾಚೆ 2.0 ಪರವಾನಗಿಯಲ್ಲಿ, ಕೋಡ್ ಕೊಟ್ಟವರು ಆ ಕೋಡಿಗೆ ಸಂಬಂಧಿಸಿದ ತಮ್ಮ ಪೇಟೆಂಟ್ ಹಕ್ಕುಗಳನ್ನೂ ಬಳಕೆದಾರರಿಗೆ ಬಿಟ್ಟುಕೊಡುತ್ತಾರೆ. ಆ ತಂತ್ರಾಂಶ ತನ್ನ ಪೇಟೆಂಟನ್ನು ಉಲ್ಲಂಘಿಸಿದೆಯೆಂದು ದಾವೆ ಹೂಡಿದವರು ತಮಗೆ ದೊರೆತಿದ್ದ ಪೇಟೆಂಟ್ ಅನುಮತಿಯನ್ನು ಕಳೆದುಕೊಳ್ಳುತ್ತಾರೆ. ಜಿಪಿಎಲ್ ಎಂಬ ಇನ್ನೊಂದು ಮುಕ್ತ ಪರವಾನಗಿಯ 2007ರ ಮೂರನೆಯ ಆವೃತ್ತಿಯಲ್ಲೂ ಇಂಥ ರಕ್ಷಣೆ ಇದೆ. ಇವು ಒಳ್ಳೆಯ ಏರ್ಪಾಡುಗಳೇ, ಆದರೆ ಕಟ್ಟಿಹಾಕುವುದು ಆ ಯೋಜನೆಗೆ ಕೋಡ್ ಕೊಟ್ಟವರನ್ನು ಮಾತ್ರ. ಯೋಜನೆಗೆ ಒಂದು ಸಾಲನ್ನೂ ಕೊಡದೆ, ಎಲ್ಲೋ ಕುಳಿತು ಪೇಟೆಂಟ್ ಹಿಡಿದುಕೊಂಡಿರುವ ಮೂರನೆಯವರಿಗೆ ಇವು ಅನ್ವಯಿಸುವುದಿಲ್ಲ. ಜಿಪಿಎಲ್ ಎರಡನೆಯ ಆವೃತ್ತಿಯ ಏಳನೆಯ ವಿಧಿಯಂತೂ ಇನ್ನೂ ಕಟ್ಟುನಿಟ್ಟಾಗಿದೆ: ಪೇಟೆಂಟಿನ ಕಾರಣದಿಂದ ತಂತ್ರಾಂಶವನ್ನು ಎಲ್ಲರಿಗೂ ರಾಯಲ್ಟಿ ಇಲ್ಲದೆ ಮರುಹಂಚಿಕೆ ಮಾಡಲು ಆಗದಿದ್ದರೆ ಅದನ್ನು ಹಂಚಲೇಬಾರದು ಎಂದು ಅದು ವಿಧಿಸುತ್ತದೆ. ಒಂದು ಕಂಪನಿ ಹಣ ಕೊಟ್ಟು ತನಗೊಬ್ಬನಿಗೇ ಅನುಮತಿ ಪಡೆದುಕೊಂಡು ಈ ಸಮಸ್ಯೆಯಿಂದ ಪಾರಾಗಲು ಆ ಪರವಾನಗಿ ಆಸ್ಪದ ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ನ್ಯಾಯವಾದ ಕಟ್ಟಳೆ.

ಗಣಿತಕ್ಕೆ ಪೇಟೆಂಟ್ ಕೊಡುವುದಿಲ್ಲವಲ್ಲ ಎಂದು ಓದುಗರು ಕೇಳಬಹುದು. ಭಾರತದ 1970ರ ಪೇಟೆಂಟ್ ಕಾಯ್ದೆಯ 3(ಕೆ) ಪ್ರಕರಣವು ಗಣಿತ ವಿಧಾನ, ಅಲ್ಗಾರಿದಮ್ ಮತ್ತು ಬರಿಯ ಕಂಪ್ಯೂಟರ್ ಪ್ರೋಗ್ರಾಮನ್ನು ಆವಿಷ್ಕಾರಗಳ ಪಟ್ಟಿಯಿಂದ ಹೊರಗಿಟ್ಟಿದೆ. ಯುರೋಪಿನ ಪೇಟೆಂಟ್ ಒಡಂಬಡಿಕೆಯ 52ನೆಯ ವಿಧಿಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1972ರಷ್ಟು ಹಿಂದೆಯೇ ಬರಿಯ ಅಲ್ಗಾರಿದಮ್‌ಗೆ ಪೇಟೆಂಟ್ ನಿರಾಕರಿಸಿತ್ತು. ಆದರೆ 'ಬರಿಯ' ಎಂಬ ಆ ಒಂದು ಸಂದಿನಲ್ಲೇ ಎಲ್ಲ ನುಸುಳುತ್ತದೆ. ಅರ್ಜಿಯಲ್ಲಿ ಸೂತ್ರವನ್ನು ಸೂತ್ರವೆಂದು ಬರೆಯದೆ, ಸಂದೇಶ ಕಳಿಸುವ ಸಾಧನ, ಸ್ವೀಕರಿಸುವ ಸಾಧನ, ನಡುವಿನ ಸಂವಹನ ಮಾರ್ಗ ಎಂದು ಬಿಡಿಸಿ ಬರೆದರೆ ಅದೇ ಗಣಿತ ಒಂದು ಯಂತ್ರವಾಗಿ ಕಾಣುತ್ತದೆ. ಪೇಟೆಂಟ್ ಆಯಾ ದೇಶಕ್ಕೆ ಸೀಮಿತವಾದರೂ ಇಂಟರ್ನೆಟ್ಟಿನಲ್ಲಿ ಇರಿಸಿದ ತಂತ್ರಾಂಶ ಗಡಿಗಳನ್ನು ನೋಡಿ ಡೌನ್‌ಲೋಡ್ ಆಗುವುದಿಲ್ಲವಾದ್ದರಿಂದ ಒಂದು ದೇಶದ ಪೇಟೆಂಟ್ ಸಾಕು, ಇಡೀ ಯೋಜನೆ ಹಿಂಜರಿಯುತ್ತದೆ.

ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ರೂಪಿಸಿದ ಈ ವಿಧಾನದ ವಿವರ 1977ರ ಆಗಸ್ಟಿನಲ್ಲೇ ಒಂದು ವಿಜ್ಞಾನ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅರ್ಜಿ ಸಲ್ಲಿಕೆಯಾದದ್ದು ಅದೇ ವರ್ಷ ಡಿಸೆಂಬರಿನಲ್ಲಿ. ಪ್ರಕಟವಾದ ಮೇಲೂ ಒಂದು ವರ್ಷ ಕಾಲಾವಕಾಶ ಕೊಡುವ ಅಮೆರಿಕದಲ್ಲಿ 1983ರ ಸೆಪ್ಟೆಂಬರ್ 20ರಂದು ಪೇಟೆಂಟ್ ಮಂಜೂರಾಯಿತು. ಪ್ರಕಟಣೆಯಾದೊಡನೆ ಹಕ್ಕು ಹೋಗುವ ಉಳಿದ ದೇಶಗಳಲ್ಲಿ ಅದು ಸಿಗಲಿಲ್ಲ. ಹೀಗೆ ಒಂದೇ ಗಣಿತ ಒಂದು ದೇಶದಲ್ಲಿ ಖಾಸಗಿ ಸ್ವತ್ತು, ಮಿಕ್ಕೆಡೆ ಎಲ್ಲರ ಸ್ವತ್ತು ಆಯಿತು. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಇಮೇಲ್ ಎನ್‌ಕ್ರಿಪ್ಷನ್ನಿಗಾಗಿ ಪಿಜಿಪಿ ತಂತ್ರಾಂಶವನ್ನು ಬಿಡುಗಡೆ ಮಾಡಿದಾಗ ಈ ಪೇಟೆಂಟಿನ ತಕರಾರು ಎದ್ದು, ಕೊನೆಗೆ 1994ರಲ್ಲಿ ಎಮ್‌ಐಟಿಯ ಮೂಲಕ ಬಂದ 2.6 ಆವೃತ್ತಿಯು ಆ ಪೇಟೆಂಟಿನ ಹಕ್ಕು ಪಡೆದಿದ್ದ ಆರ್‌ಎಸ್‌ಎ ಕಂಪನಿ ಕೊಟ್ಟ ಆರ್‌ಎಸ್‌ಎರೆಫ್ ಎಂಬ ಲೈಬ್ರರಿಯನ್ನೇ (ಸಿದ್ಧ ಕೋಡಿನ ಸಂಗ್ರಹ) ಬಳಸಬೇಕಾಯಿತು. ಹಳೆಯ ಆವೃತ್ತಿಗಳ ಬಳಕೆ ನಿಲ್ಲಲಿ ಎಂದು ಆ ವರ್ಷದ ಸೆಪ್ಟೆಂಬರ್ 1ರ ನಂತರ ಹೊಸ ಆವೃತ್ತಿ ಬರೆಯುವ ಸಂದೇಶಗಳು ಹಳೆಯವುಗಳಲ್ಲಿ ತೆರೆಯದಂತೆ ಬೇಕೆಂದೇ ಮಾಡಲಾಗಿತ್ತು. ಅಮೆರಿಕದ ಹೊರಗಿನವರು ತಮ್ಮದೇ ಅಂತರರಾಷ್ಟ್ರೀಯ ಆವೃತ್ತಿಯನ್ನು ಸಿದ್ಧಪಡಿಸಿಕೊಂಡರು. ಎನ್‌ಕ್ರಿಪ್ಷನ್ ಒಂದು ಭಾಷೆಯಿದ್ದಂತೆ. ಇಬ್ಬರಿಗೂ ಬಂದರೆ ಮಾತ್ರ ಮಾತುಕತೆ ನಡೆಯುತ್ತದೆ. ಇಲ್ಲಿ ಆ ಭಾಷೆಯನ್ನೇ ಒಡೆದು ಎರಡು ಮಾಡಬೇಕಾಯಿತು, ಅದೂ ಯಾವ ತಾಂತ್ರಿಕ ಕಾರಣವೂ ಇಲ್ಲದೆ.

ಇದರಿಂದ ಭದ್ರತೆಗೇ ಆದ ಹಾನಿಯನ್ನು ಹತ್ತಿರದಿಂದ ನೋಡಬೇಕಾದರೆ 1999ರ ಡಿಸೆಂಬರಿಗೆ ಹೋಗಬೇಕು. ಅಮೆರಿಕದಲ್ಲಿ ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಗೊಳಿಸುವ ಓಪನ್ ಎಸ್‌ಎಸ್‌ಎಲ್, ಎಸ್‌ಎಸ್‌ಎಚ್ ಮುಂತಾದ ತಂತ್ರಾಂಶಗಳನ್ನು ಪೇಟೆಂಟಿನ ತಂಟೆಯಿಲ್ಲದೆ ಬಳಸಬೇಕೆಂದಿದ್ದವರು ಅವನ್ನು ಆರ್‌ಎಸ್‌ಎರೆಫ್ ಲೈಬ್ರರಿಯೊಂದಿಗೆ ಸೇರಿಸಿ ಕಂಪೈಲ್ ಮಾಡುತ್ತಿದ್ದರು, ಅಂದರೆ ಯಂತ್ರದಲ್ಲಿ ಓಡುವ ರೂಪಕ್ಕೆ ತರುತ್ತಿದ್ದರು. ಆ ಲೈಬ್ರರಿಯ ಎರಡನೆಯ ಆವೃತ್ತಿಯಲ್ಲಿ ಬಫರ್ ಓವರ್‌ಫ್ಲೋ (ಮೆಮೊರಿಯ ಮಿತಿ ಮೀರಿ ಬರೆಯುವ) ದೋಷವೊಂದು ಪತ್ತೆಯಾಗಿ, ಅದನ್ನು ಸೇರಿಸಿಕೊಂಡ ಎಲ್ಲ ತಂತ್ರಾಂಶಗಳೂ ಅಪಾಯಕ್ಕೆ ಒಳಗಾಗಬಹುದೆಂದು ಕಂಪ್ಯೂಟರ್ ಭದ್ರತೆಯ ಸರ್ಟ್ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಯೋಜನೆಗಳ ಸ್ವಂತ ಆರ್‌ಎಸ್‌ಎ ಕೋಡನ್ನು ಬಳಸುತ್ತಿದ್ದ ಹೊರದೇಶದವರಿಗೆ ಆ ಲೈಬ್ರರಿಯ ದೋಷ ತಟ್ಟಲಿಲ್ಲ. ಕಾನೂನಿಗೆ ತಲೆಬಾಗಿದವರೇ ದೋಷವುಳ್ಳ ಕೋಡಿಗೆ ಕಟ್ಟುಬಿದ್ದರು. ಪೇಟೆಂಟ್ ಅವಧಿ ಮುಗಿಯಲು ಎರಡು ವಾರ ಉಳಿದಿದ್ದಾಗ, 2000ದ ಸೆಪ್ಟೆಂಬರ್ 6ರಂದು, ಆರ್‌ಎಸ್‌ಎ ಕಂಪನಿ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು.

ಪಿಜಿಪಿಯ ಎರಡನೆಯ ಆವೃತ್ತಿಗಳು ಸಂದೇಶವನ್ನು ಗೂಢಲಿಪಿಗೊಳಿಸಲು ಬಳಸುತ್ತಿದ್ದುದು ಐಡಿಇಎ ಎಂಬ ಮತ್ತೊಂದು ಪೇಟೆಂಟ್ ಪಡೆದ ವಿಧಾನವನ್ನು. ಅದರ ಪೇಟೆಂಟ್ ಯುರೋಪ್, ಅಮೆರಿಕ, ಜಪಾನ್ ಮೂರೂ ಕಡೆ ಇತ್ತು. ಪಿಜಿಪಿಗೆ ಮುಕ್ತ ಪರ್ಯಾಯವಾಗಿ ಬಂದ ಗ್ನುಪಿಜಿ ಅದನ್ನು ಒಳಸೇರಿಸಿಕೊಳ್ಳಲಿಲ್ಲ. ಅವಧಿ ಮುಗಿದ ವಿಧಾನಗಳನ್ನೂ ಯಾರ ಹಕ್ಕೂ ಇಲ್ಲದ ವಿಧಾನಗಳನ್ನೂ ಆರಿಸಿಕೊಂಡು ಅವುಗಳ ಮೇಲೆ ಕಟ್ಟಿತು. ಶಿಸ್ತಿನ ಆಯ್ಕೆ ಅದು. ಆದರೆ ತೊಂಬತ್ತರ ದಶಕದಲ್ಲಿ ತಮಗೇ ಬಂದ, ತಮ್ಮದೇ ಕೀಲಿಯಿಂದ ತೆರೆಯಬಹುದಾದ ಹಳೆಯ ಪತ್ರಗಳನ್ನು ಗ್ನುಪಿಜಿಯಲ್ಲಿ ತೆರೆಯಲು ಹೊರಟವರಿಗೆ ಐಡಿಇಎ ಇಲ್ಲ ಎಂಬ ಉತ್ತರ ಸಿಗುತ್ತಿತ್ತು. ಬೇರೆ ಕಡೆಯಿಂದ ಪ್ಲಗಿನ್ ಒಂದನ್ನು ಹುಡುಕಿ ತಂದು ಸೇರಿಸಿಕೊಳ್ಳುವುದು, ಅದು ತಮ್ಮ ದೇಶದಲ್ಲಿ ಕಾನೂನುಬದ್ಧವೋ ಎಂದು ತಾವೇ ತೀರ್ಮಾನಿಸಿಕೊಳ್ಳುವುದು ಬಳಕೆದಾರರ ಪಾಲಿಗೆ ಬಂತು. ಅಮೆರಿಕದ ಪೇಟೆಂಟ್ 2012ರ ಜನವರಿಯಲ್ಲಿ ಮುಗಿದು, ಆ ವರ್ಷದ ಡಿಸೆಂಬರಿನ 1.4.13 ಆವೃತ್ತಿಯಲ್ಲಿ ಐಡಿಇಎ ಸೇರಿತು. ಅಷ್ಟು ಹೊತ್ತಿಗೆ ಹೊಸ ಸಂದೇಶಗಳಿಗೆ ಅದನ್ನು ಬಳಸುವ ಅಗತ್ಯ ಯಾರಿಗೂ ಉಳಿದಿರಲಿಲ್ಲ.

ಇವೆರಡೂ ಗೊತ್ತಿದ್ದ ಪೇಟೆಂಟುಗಳು. ಗೊತ್ತಿಲ್ಲದಿರುವುದು ಇದಕ್ಕಿಂತ ಕೆಟ್ಟದ್ದು ಎಂಬುದನ್ನು ಎಲಿಪ್ಟಿಕ್ ಕರ್ವ್ ಎಂಬ, ವಕ್ರರೇಖೆಯ ಬಿಂದುಗಳ ಗಣಿತವನ್ನು ಆಧರಿಸಿದ ಗೂಢಲಿಪಿ ವಿಧಾನದಲ್ಲಿ ನೋಡಬಹುದು. 1985ರಲ್ಲಿ ನೀಲ್ ಕೊಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಬೇರೆ ಬೇರೆಯಾಗಿ ಇದನ್ನು ಸೂಚಿಸಿದರು; ಮೂಲ ಕಲ್ಪನೆಗೆ ಪೇಟೆಂಟ್ ಇಲ್ಲ. ಆದರೆ ಅದನ್ನು ವೇಗವಾಗಿ ಲೆಕ್ಕ ಹಾಕುವ, ಬಿಂದುವನ್ನು ಕಿರಿದಾಗಿ ಬರೆಯುವ, ಬಂದ ಕೀಲಿಯನ್ನು ಪರಿಶೀಲಿಸುವ ಹತ್ತಾರು ಸಣ್ಣ ವಿವರಗಳ ಮೇಲೆ ಮುಖ್ಯವಾಗಿ ಕೆನಡಾದ ಸರ್ಟಿಕಾಮ್ ಕಂಪನಿ ಪೇಟೆಂಟುಗಳನ್ನು ಗಳಿಸಿತು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯೇ ಅವುಗಳಲ್ಲಿ 26ರ ಬಳಕೆಗೆ 2.5 ಕೋಟಿ ಡಾಲರ್ ಕೊಟ್ಟಿತು; 2007ರಲ್ಲಿ ಸರ್ಟಿಕಾಮ್ ಸೋನಿ ಕಂಪನಿಯ ಮೇಲೆ ದಾವೆ ಹೂಡಿತು. ಯಾವ ಸಾಲಿನಿಂದ ಯಾವ ಪೇಟೆಂಟ್ ಉಲ್ಲಂಘನೆಯಾಗುತ್ತದೆ ಎಂದು ಖಚಿತವಾಗಿ ಹೇಳುವವರು ಇರಲಿಲ್ಲ, ಆದರೂ ಇಷ್ಟು ಸುದ್ದಿಯೇ ಸಾಕಾಯಿತು.

ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಫೆಡೋರಾ ವಿತರಣೆಯಲ್ಲಿ ಇದರ ಪರಿಣಾಮ ಹೇಗಿತ್ತು ಎಂಬುದನ್ನು ವಿವರಿಸಬೇಕು, ಏಕೆಂದರೆ ಪೇಟೆಂಟಿನ ಭಯ ಕೋಡಿನ ಮೇಲೆ ಏನು ಮಾಡುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಓಪನ್ ಎಸ್‌ಎಸ್‌ಎಲ್ ಯೋಜನೆ ಬಿಡುಗಡೆ ಮಾಡಿದ ಮೂಲ ಕೋಡನ್ನು ಪ್ಯಾಕೇಜ್ ನಿರ್ವಾಹಕರು ಹಾಗೆಯೇ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲು ಒಂದು ಸ್ಕ್ರಿಪ್ಟ್ ಓಡಿಸಿ ಆಕ್ಷೇಪಾರ್ಹವೆನಿಸಿದ ಕಡತಗಳನ್ನು ಅಳಿಸಿ, ಉಳಿದದ್ದನ್ನು ಮತ್ತೆ ಕಟ್ಟಿ, ಅದನ್ನೇ ತಮ್ಮ ಸಂಗ್ರಹಕ್ಕೆ ಏರಿಸುತ್ತಿದ್ದರು. ಕಂಪೈಲ್ ಮಾಡುವಾಗ ಬಿಟ್ಟರೆ ಸಾಲದು, ಮೂಲ ಕೋಡ್ ಹಂಚಿದರೂ ತೊಂದರೆಯಾಗಬಹುದು ಎಂಬ ಎಚ್ಚರ ಅದು. ಆ ಸ್ಕ್ರಿಪ್ಟಿನ ಹೆಸರೇ ಕಾಲಿಗೆ ಕಟ್ಟು ಹಾಕಿ ಕುಂಟಿಸುವುದು ಎಂಬ ಅರ್ಥದ್ದಾಗಿತ್ತು. ಪರಿಣಾಮವಾಗಿ ಲಭ್ಯವಿರುವ ಕರ್ವ್‌ಗಳ ಪಟ್ಟಿ ತೋರಿಸೆಂದು ಆದೇಶ ಕೊಟ್ಟರೆ ಫೆಡೋರಾ ಬಳಕೆದಾರರಿಗೆ ಏನೂ ದೊರೆಯುತ್ತಿರಲಿಲ್ಲ. ಎಲಿಪ್ಟಿಕ್ ಕರ್ವನ್ನು ಮಾತ್ರ ಒಪ್ಪುವ ಸರ್ವರಿಗೆ ಸಂಪರ್ಕವೇ ಆಗುತ್ತಿರಲಿಲ್ಲ. ಅದನ್ನು ಸರಿಪಡಿಸಿರೆಂಬ ಕೋರಿಕೆ ವರ್ಷಗಟ್ಟಲೆ ತೆರೆದೇ ಇದ್ದು, 2013ರಲ್ಲಿ ಕೆಲವೇ ಕರ್ವ್‌ಗಳಿಗೆ ಬಾಗಿಲು ತೆರೆಯಿತು. ಬಿಟ್‌ಕಾಯಿನ್ ಬಳಸುವ ಕರ್ವ್ ಆಗಲೂ ಸೇರಿರಲಿಲ್ಲವಾದ್ದರಿಂದ ಆ ತಂತ್ರಾಂಶ ಬೇಕಾದವರು ತಾವೇ ಬೇರೆಯಾಗಿ ಓಪನ್ ಎಸ್‌ಎಸ್‌ಎಲ್ ಕಂಪೈಲ್ ಮಾಡಿಕೊಳ್ಳಬೇಕಾಗಿತ್ತು. ಭದ್ರತೆಗೆ ಸಂಬಂಧಿಸಿದ ಲೈಬ್ರರಿಯನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಕಟ್ಟಿಕೊಂಡು, ಮುಂದೆ ಬರುವ ತಿದ್ದುಪಡಿಗಳನ್ನು ತಾವೇ ನೆನಪಿಟ್ಟು ಸೇರಿಸಿಕೊಳ್ಳಬೇಕಾದ ಸ್ಥಿತಿ ಎಷ್ಟು ಅಪಾಯಕಾರಿ ಎಂಬುದು ಈ ಕೆಲಸ ಮಾಡುವವರೆಲ್ಲರಿಗೂ ಗೊತ್ತು. ನಿರ್ವಾಹಕರನ್ನು ನಾನು ದೂರುವುದಿಲ್ಲ. ವಕೀಲರ ಸಲಹೆಯಂತೆ ನಡೆಯದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ದಾವೆಯ ಭಯವನ್ನು ಉತ್ಪ್ರೇಕ್ಷೆ ಎನ್ನುವವರು ಟಿಕ್ಯುಪಿ ಡೆವಲಪ್‌ಮೆಂಟ್ ಎಂಬ ಸಂಸ್ಥೆಯ ಪ್ರಕರಣವನ್ನು ನೋಡಬೇಕು. ಯಾವ ತಂತ್ರಾಂಶವನ್ನೂ ತಯಾರಿಸದ ಈ ಸಂಸ್ಥೆ, ಹಳೆಯ ಮೋಡೆಮ್ ಕಾಲದ ಒಂದು ಪೇಟೆಂಟನ್ನು ಹಿಡಿದು, ವೆಬ್‌ಸೈಟುಗಳ ಸುರಕ್ಷಿತ ಎಸ್‌ಎಸ್‌ಎಲ್ ಸಂಪರ್ಕದಲ್ಲಿ ಆರ್‌ಸಿ4 ಎಂಬ ಗೂಢಲಿಪಿ ವಿಧಾನ ಬಳಸುವುದೇ ಉಲ್ಲಂಘನೆಯೆಂದು ನೂರಕ್ಕೂ ಹೆಚ್ಚು ಕಂಪನಿಗಳ ಮೇಲೆ ದಾವೆ ಹೂಡಿತು. ಹೆಚ್ಚಿನವರು ಹಣ ಕೊಟ್ಟು ರಾಜಿಯಾದರು. ನ್ಯೂಎಗ್ ಎಂಬ ಆನ್‌ಲೈನ್ ಮಾರಾಟ ಕಂಪನಿ ಮಾತ್ರ ರಾಜಿಗೆ ಒಪ್ಪದೆ ವಿಚಾರಣೆಗೆ ನಿಂತಿತು. ಸಾರ್ವಜನಿಕ ಕೀಲಿಯ (ಒಂದು ಕೀಲಿಯನ್ನು ಬಹಿರಂಗವಾಗಿ ಹಂಚುವ) ಗೂಢಲಿಪಿಗೆ 1976ರಲ್ಲಿ ಬುನಾದಿ ಹಾಕಿದ ಇಬ್ಬರಲ್ಲಿ ಒಬ್ಬರಾದ ವಿಟ್‌ಫೀಲ್ಡ್ ಡಿಫಿ ಅವರೇ ಟೆಕ್ಸಸ್ಸಿನ ನ್ಯಾಯಾಲಯಕ್ಕೆ ಬಂದು ಕಂಪನಿಯ ಪರವಾಗಿ ಸಾಕ್ಷ್ಯ ನುಡಿದರೂ 2013ರ ನವೆಂಬರಿನಲ್ಲಿ ಜ್ಯೂರಿ 23 ಲಕ್ಷ ಡಾಲರ್ ಪರಿಹಾರ ವಿಧಿಸಿತು. 2015ರಲ್ಲಿ ನ್ಯಾಯಾಧೀಶರು ಉಲ್ಲಂಘನೆಯಾಗಿಲ್ಲವೆಂದು ಆ ತೀರ್ಪನ್ನು ತಳ್ಳಿಹಾಕಿದರು. ಕೊನೆಗೆ ಗೆದ್ದದ್ದು ನಿಜ. ಆದರೆ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಕೋಡ್ ನೋಡಿಕೊಳ್ಳುವ ಒಬ್ಬ ವ್ಯಕ್ತಿಗೆ ಆ ಗೆಲುವಿನವರೆಗೆ ನ್ಯಾಯಾಲಯದಲ್ಲಿ ನಿಲ್ಲುವ ಶಕ್ತಿ ಎಲ್ಲಿಂದ ಬರಬೇಕು?

ಸಂಶೋಧಕರ ಶ್ರಮಕ್ಕೆ ಪ್ರತಿಫಲ ಬೇಡವೇ ಎಂಬ ಪ್ರಶ್ನೆ ಗೌರವಯುತವಾದದ್ದು, ಅದಕ್ಕೆ ಉತ್ತರ ಕೊಡಬೇಕು. ಫಿಲಿಪ್ ರೋಗವೇ ಅವರ ಓಸಿಬಿ ವಿಧಾನ ಒಂದೇ ಸುತ್ತಿನಲ್ಲಿ ಸಂದೇಶವನ್ನು ಮುಚ್ಚುವುದನ್ನೂ ಅದರ ಪ್ರಾಮಾಣ್ಯವನ್ನು ಖಾತರಿಪಡಿಸುವುದನ್ನೂ ಮಾಡುತ್ತದೆ. ವೇಗದಲ್ಲೂ ಸೊಗಸಿನಲ್ಲೂ ಅದಕ್ಕೆ ಸಾಟಿ ಕಡಿಮೆ. ಆದರೆ ಅವರದಲ್ಲದೆ ಬೇರೆಯವರ ಪೇಟೆಂಟುಗಳೂ ಅದರ ಸುತ್ತ ಇದ್ದವು. ವೈಫೈ ಭದ್ರತೆಗಾಗಿ 2004ರ ಮಾನದಂಡ ರೂಪುಗೊಳ್ಳುವಾಗ ಆ ತೊಡಕು ಬೇಡವೆಂದು ಸಿಸಿಎಮ್ ಎಂಬ, ಎರಡು ಸುತ್ತು ಬೇಡುವ ಬೇರೆ ವಿಧಾನವನ್ನೇ ಹೆಣೆಯಲಾಯಿತು. ಮುಂದೆ ಜಿಸಿಎಮ್ ಎಂಬ ಇನ್ನೊಂದು ವಿಧಾನ ಎಲ್ಲೆಡೆ ನೆಲೆಯೂರಿತು. 2013ರಲ್ಲಿ ರೋಗವೇ ಓಪನ್ ಸೋರ್ಸ್ ಬಳಕೆಗೆ ಉಚಿತ ಪರವಾನಗಿ ಕೊಟ್ಟರು, 2021ರಲ್ಲಿ ಪೇಟೆಂಟುಗಳನ್ನೇ ಕೈಬಿಟ್ಟುದಾಗಿ ತಿಳಿಸಿದರು. ಅವರ ಸದ್ಭಾವವನ್ನು ಸಂಶಯಿಸುವ ಕಾರಣವಿಲ್ಲ, ಆದರೆ ಜಗತ್ತು ಅಷ್ಟರಲ್ಲಿ ಮುಂದೆ ಸಾಗಿತ್ತು. ಇದಕ್ಕೆ ಎದುರಾಗಿ ಜಪಾನಿನ ಎನ್‌ಟಿಟಿ ಮತ್ತು ಮಿತ್ಸುಬಿಶಿ ಕಂಪನಿಗಳು ತಮ್ಮ ಕ್ಯಾಮೆಲಿಯಾ ವಿಧಾನದ ಪೇಟೆಂಟುಗಳನ್ನು 2001ರಲ್ಲಿ ರಾಯಲ್ಟಿ ಇಲ್ಲದೆ ಬಿಟ್ಟುಕೊಟ್ಟವು. ಅದು ಓಪನ್ ಎಸ್‌ಎಸ್‌ಎಲ್‌ಗೂ ಫೈರ್‌ಫಾಕ್ಸ್‌ಗೂ ಸೇರಿತು. ಗೂಢಲಿಪಿಯ ವಿಧಾನಕ್ಕೆ ನಂಬಿಕೆ ಹುಟ್ಟುವುದು ವರ್ಷಗಟ್ಟಲೆ ಬಹಿರಂಗವಾಗಿ ನೂರಾರು ಜನ ಅದನ್ನು ಮುರಿಯಲು ಯತ್ನಿಸಿ ಸೋತ ಮೇಲೆ. ಆ ಪರೀಕ್ಷೆಯನ್ನು ಪುಕ್ಕಟೆಯಾಗಿ ಮಾಡಿಕೊಡುವ ಸಮುದಾಯದಿಂದಲೇ ಆಮೇಲೆ ಬಳಕೆಯ ಶುಲ್ಕ ಕೇಳುವುದು ಸರಿಯಲ್ಲ ಎಂದು ನಾನು ತಿಳಿಯುತ್ತೇನೆ.

ಸರಿಯಾದ ದಾರಿ ಯಾವುದು ಎಂಬುದಕ್ಕೆ ಎಇಎಸ್ ಎಂಬ ಗೂಢಲಿಪಿ ಮಾನದಂಡದ ಆಯ್ಕೆಯೇ ಮಾದರಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 1997ರಲ್ಲಿ ಹೊಸ ಗೂಢಲಿಪಿ ವಿಧಾನಕ್ಕೆ ಕರೆ ಕೊಟ್ಟಾಗಲೇ, ಆಯ್ಕೆಯಾದ ಅಲ್ಗಾರಿದಮ್ ಜಗತ್ತಿನಾದ್ಯಂತ ರಾಯಲ್ಟಿ ಇಲ್ಲದೆ ದೊರೆಯಬೇಕು ಎಂದು ಷರತ್ತು ಹಾಕಿತು. ಸಲ್ಲಿಸಿದವರು ಮೊದಲೇ ಸಹಿ ಹಾಕಿಕೊಟ್ಟರು. 15 ಸ್ಪರ್ಧಿಗಳಲ್ಲಿ ಬೆಲ್ಜಿಯಮ್ಮಿನ ಯೋನ್ ಡೆಮನ್ ಮತ್ತು ವಿನ್ಸೆಂಟ್ ರೈಮನ್ ಅವರ ರೈನ್‌ಡಾಲ್ 2000ದಲ್ಲಿ ಆಯ್ಕೆಯಾಗಿ 2001ರ ನವೆಂಬರಿನಲ್ಲಿ ಮಾನದಂಡವಾಯಿತು. ಅಂದಿನಿಂದ ಎಇಎಸ್ ಅಳವಡಿಸಲು ಯಾವ ಯೋಜನೆಯೂ ವಕೀಲರ ಬಾಗಿಲು ತಟ್ಟಬೇಕಾಗಿ ಬರಲಿಲ್ಲ. ಸೋತವರ ಕಥೆಯೂ ಗಮನಿಸಬೇಕಾದದ್ದು. ಕೊನೆಯ ಐವರಲ್ಲಿದ್ದ ಸರ್ಪೆಂಟ್ ಮತ್ತು ಟೂಫಿಶ್‌ಗಳು ಯಾರ ಹಿಡಿತದಲ್ಲೂ ಇಲ್ಲದ್ದರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಸ್ಥಾನ ಪಡೆದವು. ಅದೇ ಐವರಲ್ಲಿದ್ದ ಆರ್‌ಸಿ6 ಮೇಲೆ ಪೇಟೆಂಟ್ ಇತ್ತು, ಆಯ್ಕೆಯಾಗದೆ ಹೋದದ್ದರಿಂದ ರಾಯಲ್ಟಿ ಬಿಡುವ ಷರತ್ತು ಅದಕ್ಕೆ ತಟ್ಟಲಿಲ್ಲ, ಮುಕ್ತ ತಂತ್ರಾಂಶ ಬರೆಯುವವರು ಅದರತ್ತ ಹೆಚ್ಚಾಗಿ ಸುಳಿಯಲೂ ಇಲ್ಲ.

ಕ್ವಾಂಟಮ್ ದಾಳಿಯನ್ನು ತಡೆಯುವ ವಿಧಾನಗಳ ಆಯ್ಕೆಯಲ್ಲಿ ಈ ಅನುಕ್ರಮ ತಿರುವುಮುರುವಾಯಿತು. 2016ರಲ್ಲಿ ಆರಂಭವಾದ ಆಯ್ಕೆ ಪ್ರಕ್ರಿಯೆಯಲ್ಲಿ ಸಲ್ಲಿಸಿದವರು ತಮ್ಮ ಪೇಟೆಂಟುಗಳ ಬಗ್ಗೆ ಹೇಳಿಕೆ ಕೊಟ್ಟರು ನಿಜ, ಆದರೆ ಇತರರ ಪೇಟೆಂಟುಗಳು ಅದರಿಂದ ಇಲ್ಲವಾಗುವುದಿಲ್ಲವಲ್ಲ. ಕೀಲಿ ವಿನಿಮಯಕ್ಕೆ ಕೈಬರ್ ಆಯ್ಕೆಯಾಗಿದೆ ಎಂದು ನಿಸ್ಟ್ 2022ರ ಜುಲೈಯಲ್ಲಿ ಸಾರಿದಾಗ ಅದಕ್ಕೆ ತಗಲುವ ಪೇಟೆಂಟುಗಳ ಬಗ್ಗೆ ಮಾತುಕತೆ ಇನ್ನೂ ಮುಗಿದಿರಲಿಲ್ಲ. ವರ್ಷದ ಕೊನೆಯೊಳಗೆ ಒಪ್ಪಂದಗಳು ಆಗದಿದ್ದರೆ ಅದರ ಬದಲು ಎನ್‌ಟಿಆರ್‌ಯು ಎಂಬ ಇನ್ನೊಂದು ವಿಧಾನವನ್ನು ಪರಿಗಣಿಸಬಹುದೆಂದು ಸಂಸ್ಥೆಯೇ ಹೇಳಬೇಕಾಯಿತು. ಎನ್‌ಟಿಆರ್‌ಯುವಿನ ಮೂಲ ಪೇಟೆಂಟಿನ ಅವಧಿ 2017ರಲ್ಲೇ ಮುಗಿದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಅದೃಷ್ಟಕ್ಕೆ ಕೈಬರ್‌ನ ಪರವಾನಗಿ ಒಪ್ಪಂದಗಳು 2022ರಲ್ಲೇ ಆದವು, 2024ರ ಆಗಸ್ಟ್ 13ರಂದು ಕೈಬರ್ ಎಮ್‌ಎಲ್-ಕೆಇಎಮ್ ಎಂಬ ಹೆಸರಿನಲ್ಲಿ ಮಾನದಂಡವಾಗಿ ಹೊರಬಂತು. ಆದರೆ ಇಂಥ ಒಪ್ಪಂದ ಮಾನದಂಡದಲ್ಲಿ ಅಚ್ಚಾದ ರೂಪಕ್ಕೆ ಹೊಂದಿಸಿ ಬರೆದದ್ದಾಗಿರುತ್ತದೆ. ಅದರಲ್ಲಿ ಅಂಕಿಗಳನ್ನು ತಮಗೆ ಬೇಕಾದಂತೆ ಬದಲಿಸಿ ಹೊಸ ರೂಪ ಕಟ್ಟುವವರು, ಓಪನ್ ಸೋರ್ಸ್ ಕೊಡುವ ಬದಲಾಯಿಸುವ ಸ್ವಾತಂತ್ರ್ಯ ಇಲ್ಲಿಯೂ ತಾನಾಗಿ ದೊರೆಯುತ್ತದೆಂದು ಭಾವಿಸದೆ ಒಪ್ಪಂದದ ಪಠ್ಯವನ್ನು ಓದಿಯೇ ಮುಂದುವರಿಯಬೇಕು.

ಯೋಜನೆಗಳನ್ನು ನಿರ್ವಹಿಸುವವರು ಈ ನಡುವೆ ಕೈಕಟ್ಟಿ ಕೂರಬೇಕಾಗಿಲ್ಲ. ಅಮೆರಿಕದಲ್ಲಿ ಗೊತ್ತಿದ್ದೂ ಉಲ್ಲಂಘಿಸಿದರೆ ಪರಿಹಾರವನ್ನು ಮೂರು ಪಟ್ಟಿನವರೆಗೆ ಏರಿಸಲು ಅವಕಾಶವಿರುವುದರಿಂದ, ಪೇಟೆಂಟ್ ದಾಖಲೆಗಳನ್ನು ಓದಲೇಬೇಡಿ ಎಂಬ ಸಲಹೆ ಪ್ರೋಗ್ರಾಮರುಗಳಿಗೆ ಆಗಾಗ ಸಿಗುತ್ತದೆ. ಓದದಿದ್ದರೂ ಮಾಡಬಹುದಾದ ಕೆಲಸವೊಂದಿದೆ: ತಾವು ಅಳವಡಿಸಿದ ಪ್ರತಿಯೊಂದು ಅಲ್ಗಾರಿದಮ್ ಯಾವ ವರ್ಷದ ಯಾವ ಪ್ರಬಂಧದಿಂದ ಬಂದದ್ದು ಎಂದು ಕೋಡಿನ ಜೊತೆಯಲ್ಲೇ ಬರೆದಿಡುವುದು. ಪೇಟೆಂಟಿನ ಆಯುಸ್ಸು ಸಾಮಾನ್ಯವಾಗಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಆದ್ದರಿಂದ ಅದಕ್ಕಿಂತ ಹಳೆಯ ಪ್ರಕಟಣೆಯಲ್ಲಿ ಇದ್ದಂತೆಯೇ, ಹೊಸ ಚಮತ್ಕಾರಗಳನ್ನು ಸೇರಿಸದೆ ಅಳವಡಿಸಿದ ಕೋಡಿಗೆ ಗಟ್ಟಿಯಾದ ನೆಲೆ ಸಿಗುತ್ತದೆ. 2011ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6090 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಎಲಿಪ್ಟಿಕ್ ಕರ್ವ್‌ಗಳನ್ನು 1994 ಮತ್ತು ಅದಕ್ಕಿಂತ ಹಿಂದಿನ ಪ್ರಕಟಣೆಗಳ ಆಧಾರದಿಂದಲೇ ವಿವರಿಸಿ ಇದನ್ನು ತೋರಿಸಿಕೊಟ್ಟಿತು. ಫೆಡೋರಾದಂಥ ಕಡೆ ಬಿಗಿ ಸಡಿಲವಾಗಬೇಕಾದರೆ ಇಂಥ ಶ್ರಮದ ದಾಖಲೆಗಳೇ ಬೇಕು. ಇನ್ನೊಂದು ಕ್ರಮವನ್ನು ಓಪನ್ ಎಸ್‌ಎಸ್‌ಎಲ್ ಬಹಳ ಹಿಂದೆಯೇ ಪಾಲಿಸಿತು. ಐಡಿಇಎ, ಆರ್‌ಸಿ5 ಮುಂತಾದವನ್ನು ಉಳಿದ ಕೋಡಿಗೆ ಧಕ್ಕೆಯಾಗದಂತೆ ಕಂಪೈಲ್ ಹೊತ್ತಿನಲ್ಲಿ ಬಿಟ್ಟುಬಿಡುವ ಆಯ್ಕೆಗಳನ್ನು ಅದು ಇಟ್ಟಿತ್ತು. ಆಯ್ಕೆ ತಮ್ಮ ಕೈಯಲ್ಲೇ ಇರುವ ಕಡೆ ಎಇಎಸ್ ಅಥವಾ ಡ್ಯಾನಿಯಲ್ ಬರ್ನ್‌ಸ್ಟೈನ್ ಅವರು ರೂಪಿಸಿ ಎಲ್ಲರ ಬಳಕೆಗೆ ಬಿಟ್ಟ ಚಾಚಾ20, ಕರ್ವ್25519ಗಳಂಥವನ್ನು ಬಿಟ್ಟು ಪೇಟೆಂಟಿನ ಸ್ಥಿತಿ ಅಸ್ಪಷ್ಟವಾಗಿರುವ ಹೊಸದಕ್ಕೆ ಆಸೆಪಡುವುದು ವಿವೇಕವಲ್ಲ.

ಆದರೆ ಯೋಜನೆಗಳ ಎಚ್ಚರ ಎಷ್ಟಿದ್ದರೂ, ಮಾನದಂಡವಾಗಿ ಹೊರಬಂದದ್ದನ್ನು ಅವು ಅಳವಡಿಸಲೇಬೇಕಾಗುತ್ತದೆ. ಎದುರಿನ ಸರ್ವರ್ ಅದನ್ನೇ ಕೇಳುತ್ತದೆ. ಹಾಗಾಗಿ ನನ್ನ ವಿನಂತಿ ಮುಖ್ಯವಾಗಿ ಆಯ್ಕೆ ಮಾಡುವವರಿಗೆ, ಮತ್ತು ಅವರಿಗೆ ಅಭಿಪ್ರಾಯ ಬರೆದು ತಿಳಿಸಬಲ್ಲ ವಿಶ್ವವಿದ್ಯಾಲಯಗಳ ಗಣಿತಜ್ಞರಿಗೆ ಮತ್ತು ತಂತ್ರಾಂಶ ಬರೆಯುವವರಿಗೆ. ನಿಸ್ಟ್ 2025ರ ಮಾರ್ಚಿನಲ್ಲಿ ಎಮ್‌ಎಲ್-ಕೆಇಎಮ್‌ಗೆ ಬೆಂಬಲದ ಮೀಸಲು ವಿಧಾನವಾಗಿ ಎಚ್‌ಕ್ಯುಸಿಯನ್ನು ಆರಿಸಿದೆ. ಹೆಚ್ಚುವರಿ ಡಿಜಿಟಲ್ ಸಹಿ ವಿಧಾನಗಳಿಗಾಗಿ ಅದು ನಡೆಸುತ್ತಿರುವ ಸ್ಪರ್ಧೆಯಲ್ಲಿ 40 ಸಲ್ಲಿಕೆಗಳಿದ್ದವು, 2024ರ ಅಕ್ಟೋಬರಿನಲ್ಲಿ ಅವುಗಳಲ್ಲಿ 14 ಮುಂದಿನ ಸುತ್ತಿಗೆ ಹೋದವು. ಈ ಸುತ್ತುಗಳಲ್ಲಿ ಸಾರ್ವಜನಿಕರು ಅಭಿಪ್ರಾಯ ಕಳಿಸಬಹುದು. ಬರುವ ಅಭಿಪ್ರಾಯಗಳಲ್ಲಿ ಹೆಚ್ಚಿನವು ದಾಳಿಯ ವಿಶ್ಲೇಷಣೆ ಮತ್ತು ವೇಗಕ್ಕೆ ಸಂಬಂಧಿಸಿರುತ್ತವೆ. ಸಲ್ಲಿಸಿದವರ ಪೇಟೆಂಟ್ ಮಾತ್ರವಲ್ಲ, ಅದೇ ಗಣಿತದ ಸುತ್ತ ಹಕ್ಕು ಸಾಧಿಸಬಹುದಾದ ಇತರರನ್ನೂ ಕೊನೆಯ ಆಯ್ಕೆಗೆ ಮೊದಲೇ ಬಹಿರಂಗವಾಗಿ ಕೇಳಬೇಕು, ಅವರು ಹಿಂತೆಗೆದುಕೊಳ್ಳಲಾಗದ, ಜಗತ್ತಿಗೆಲ್ಲ ಅನ್ವಯಿಸುವ, ಬದಲಾಯಿಸಿದ ರೂಪಗಳಿಗೂ ಸಲ್ಲುವ ಅನುಮತಿಯನ್ನು ಬರೆದುಕೊಡದಿದ್ದರೆ ಆ ವಿಧಾನವನ್ನು ಪಟ್ಟಿಯಿಂದ ಕೈಬಿಡಬೇಕು ಎಂದು ಒತ್ತಾಯಿಸುವ ಪತ್ರಗಳೂ ಅಲ್ಲಿಗೆ ಹೋಗಬೇಕು.

ಇಂತಿ ತಮ್ಮ ವಿಶ್ವಾಸಿ,
ಮುಕ್ತ ತಂತ್ರಾಂಶದ ಬಳಕೆದಾರನಾದ ಓದುಗ